ಕಿರೀಟ ನಿಲ್ಲದ ಲೀಗ್: ಕರ್ನಾಟಕದ ಟಿ20 ತಂಡಗಳು ಮತ್ತು ಮೈಸೂರು, 2009–2025

ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆಗೂ ಮೈಸೂರಿಗೂ ನಂಟು ಹಳೆಯದು. ವ್ಯಾಸರಾಜ ಮಠದ ಹೆಸರಿನಲ್ಲೇ ಸೋಸಲೆ ಸೇರಿಕೊಂಡಿದೆ. ಮೈಸೂರು ಆಸ್ಥಾನದ ವಿದ್ವಾಂಸ ಅಯ್ಯಾಶಾಸ್ತ್ರಿಗಳೂ ಇದೇ ಊರಿನವರು. ಈ ಭಾಗದ ಕ್ರಿಕೆಟ್ ಪ್ರಿಯರಿಗೆ ವೃತ್ತಿಪರ ಲೀಗಿನಲ್ಲಿ ‘ನಮ್ಮ ತಂಡ’ ಎನ್ನಲು ಹತ್ತಿರದಲ್ಲಿರುವುದೂ ಮೈಸೂರೇ. ಆ ತಂಡ ಎರಡು ಸಲ ರಾಜ್ಯದ ಚಾಂಪಿಯನ್ ಆಗಿದೆ. ಆದರೆ 2014ರಲ್ಲಿ ಗೆದ್ದ ತಂಡ ಮತ್ತು 2024ರಲ್ಲಿ ಗೆದ್ದ ತಂಡ ಎಷ್ಟರಮಟ್ಟಿಗೆ ಒಂದೇ ಎಂದು ಕೇಳಿಕೊಂಡರೆ, ಲೀಗಿನ ಇತಿಹಾಸವನ್ನೇ ಮೊದಲಿನಿಂದ ಬಿಚ್ಚಬೇಕಾಗುತ್ತದೆ.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಕರ್ನಾಟಕ ಪ್ರೀಮಿಯರ್ ಲೀಗನ್ನು (ಕೆಪಿಎಲ್) ಆರಂಭಿಸಿದ್ದು 2009ರಲ್ಲಿ, ಐಪಿಎಲ್ ಹುಟ್ಟಿದ ಮರುವರ್ಷ. ತಮಿಳುನಾಡು ಇಂಥದ್ದೊಂದು ಲೀಗ್ ಕಂಡದ್ದು ಏಳು ವರ್ಷಗಳ ನಂತರ. ಕೆಪಿಎಲ್ ಆರಂಭವಾದಾಗ ಕರ್ನಾಟಕದ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಶ್ರೀಕಂಠದತ್ತ ನರಸಿಂಹರಾಜ ಒಡೆಯರ್. ಮೊದಲ ಸಲ ಕಣಕ್ಕಿಳಿದವು ಎಂಟು ತಂಡಗಳು: ಬೆಂಗಳೂರು ಬ್ರಿಗೇಡಿಯರ್ಸ್, ಪ್ರಾವಿಡೆಂಟ್ ಬೆಂಗಳೂರು, ಮೈಸೂರು ಮಹಾರಾಜಾಸ್, ಮಂಗಳೂರು ಯುನೈಟೆಡ್, ಮಲ್ನಾಡ್ ಗ್ಲಾಡಿಯೇಟರ್ಸ್, ದಾವಣಗೆರೆ ಡೈಮಂಡ್ಸ್, ಬೆಳಗಾವಿ ಪ್ಯಾಂಥರ್ಸ್, ಬಿಜಾಪುರ ಬುಲ್ಸ್. ಮೊದಲ ಪ್ರಶಸ್ತಿ ಪ್ರಾವಿಡೆಂಟಿಗೆ, 2010ರದ್ದು ಮಂಗಳೂರಿಗೆ. ಅಷ್ಟರಲ್ಲಿ ಸಂಸ್ಥೆಯ ಆಡಳಿತ ಬದಲಾಯಿತು. ಅನಿಲ್ ಕುಂಬ್ಳೆ ಅಧ್ಯಕ್ಷರೂ ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯೂ ಆಗಿದ್ದ 2011ರಿಂದ 2013ರವರೆಗೆ ಲೀಗ್ ನಡೆಯಲೇ ಇಲ್ಲ. 2013ರ ಡಿಸೆಂಬರ್‌ನಲ್ಲಿ ಒಡೆಯರ್ ಮತ್ತೆ ಅಧ್ಯಕ್ಷರಾಗಿ ಆಯ್ಕೆಯಾದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನಕ್ಕೆ ಈಗ ಅವರದೇ ಹೆಸರು.

2014ರಲ್ಲಿ ಲೀಗ್ ಮರಳಿದಾಗ ಮೈಸೂರಿನ ತಂಡ ‘ಮಹಾರಾಜಾಸ್’ ಆಗಿ ಉಳಿದಿರಲಿಲ್ಲ, ‘ವಾರಿಯರ್ಸ್’ ಆಗಿತ್ತು. 1948ರಲ್ಲಿ ಎನ್. ರಂಗರಾವ್ ಕಟ್ಟಿದ, ಸೈಕಲ್ ಅಗರಬತ್ತಿಯಿಂದ ಮನೆಮಾತಾದ ಎನ್‌ಆರ್ ಸಮೂಹ ಅದರ ಒಡೆತನ ವಹಿಸಿಕೊಂಡಿತ್ತು. ಆ ವರ್ಷವೇ ವಾರಿಯರ್ಸ್ ಚಾಂಪಿಯನ್. ಮುಂದೆ 2015ರಲ್ಲಿ ಬಿಜಾಪುರ, 2016ರಲ್ಲಿ ಬಳ್ಳಾರಿ ಟಸ್ಕರ್ಸ್, 2017ರಲ್ಲಿ ಬೆಳಗಾವಿ, 2018ರಲ್ಲಿ ಮತ್ತೆ ಬಿಜಾಪುರ ಗೆದ್ದವು. 2019ರಲ್ಲಿ ಮೈಸೂರಿನಲ್ಲೇ ನಡೆದ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ಬಳ್ಳಾರಿಯನ್ನು 8 ರನ್‌ಗಳಿಂದ ಸೋಲಿಸಿತು.

ಆ ಫೈನಲ್ ದಾಖಲೆಯಲ್ಲಿ ಉಳಿದಿದೆ, ಕಳಂಕದೊಡನೆ. ಕೆಲವೇ ವಾರಗಳಲ್ಲಿ ಬೆಂಗಳೂರು ಪೊಲೀಸರು ಬೆಟ್ಟಿಂಗ್ ಆರೋಪದ ಮೇಲೆ ಒಂದು ತಂಡದ ಮಾಲೀಕರನ್ನೂ, ನವೆಂಬರ್‌ನಲ್ಲಿ ಸ್ಪಾಟ್ ಫಿಕ್ಸಿಂಗ್ ಆರೋಪದ ಮೇಲೆ ಫೈನಲ್ ಆಡಿದ್ದ ಇಬ್ಬರು ಆಟಗಾರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಈ ಪ್ರಕರಣವನ್ನು ರದ್ದುಪಡಿಸಿತು. ಮ್ಯಾಚ್ ಫಿಕ್ಸಿಂಗ್ ದಂಡ ಸಂಹಿತೆಯ 420ನೇ ಕಲಮಿನಡಿ ವಂಚನೆಯಾಗುವುದಿಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಸೇರಿದ್ದು ಎಂಬುದು ನ್ಯಾಯಾಲಯದ ನಿಲುವು. ಟಿಕೆಟ್ ಕೊಂಡ ಪ್ರೇಕ್ಷಕನಿಗೆ ಮೋಸವಾಯಿತೆ ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಈ ಉತ್ತರ ಕ್ರೀಡಾ ಇತಿಹಾಸಕಾರರ ಗಮನಕ್ಕೆ ಇನ್ನೂ ಸಾಕಷ್ಟು ಬಂದಂತಿಲ್ಲ.

ಕೆಪಿಎಲ್ ಎಂಬ ಹೆಸರು ಅಲ್ಲಿಗೆ ಮುಗಿಯಿತು. 2022ರ ಆಗಸ್ಟ್‌ನಲ್ಲಿ ಅದೇ ಜಾಗಕ್ಕೆ ಒಡೆಯರ್ ಸ್ಮರಣೆಯ ‘ಮಹಾರಾಜ ಟ್ರೋಫಿ’ ಬಂತು. ಮೊದಲ ವರ್ಷ ಮಾಲೀಕರೇ ಇರಲಿಲ್ಲ. ಆರೂ ತಂಡಗಳನ್ನು ಸಂಸ್ಥೆಯೇ ನಡೆಸಿತು. 2023ರಿಂದ ಫ್ರಾಂಚೈಸಿ, ಹರಾಜು ಎಲ್ಲ ಮರಳಿದವು. ಗುಲ್ಬರ್ಗ ಮಿಸ್ಟಿಕ್ಸ್ ಮೊದಲ ಚಾಂಪಿಯನ್. 2023ರ ಫೈನಲ್‌ನಲ್ಲಿ ಮೈಸೂರು 8 ರನ್‌ಗಳಿಂದ ಹುಬ್ಬಳ್ಳಿಗೆ ಸೋತಿತು. ಮರುವರ್ಷದ ಫೈನಲ್‌ನಲ್ಲಿ ಕರುಣ್ ನಾಯರ್ ನಾಯಕತ್ವದಲ್ಲಿ 207 ರನ್ ಪೇರಿಸಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು 45 ರನ್‌ಗಳಿಂದ ಮಣಿಸಿತು. ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿಯೂ ಭಾರತ ತಂಡದಿಂದ ದೂರವಾಗಿದ್ದ ಕರುಣ್ ಆ ಋತುವಿನಲ್ಲಿ 560 ರನ್ ಗಳಿಸಿದರು.

2009ರಿಂದ 2025ರವರೆಗಿನ ಹನ್ನೆರಡು ಋತುಗಳಲ್ಲಿ ಗೆದ್ದವರ ಪಟ್ಟಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಎರಡು ಸಂಗತಿಗಳು ಎದ್ದುಕಾಣುತ್ತವೆ. ಯಾವ ತಂಡವೂ ಸತತ ಎರಡು ಸಲ ಪ್ರಶಸ್ತಿ ಗೆದ್ದಿಲ್ಲ; ಬಿಜಾಪುರ, ಹುಬ್ಬಳ್ಳಿ, ಮೈಸೂರು ಒಂದೇ ತಂಡದ ಹೆಸರಿನಲ್ಲಿ ಬಿಟ್ಟುಬಿಟ್ಟು ಎರಡೆರಡು ಸಲ ಗೆದ್ದಿವೆ. ಎರಡನೆಯದು, 2009ರ ಎಂಟು ಹೆಸರುಗಳಲ್ಲಿ ಒಂದೂ 2025ರಲ್ಲಿ ಕಣದಲ್ಲಿರಲಿಲ್ಲ. ಚಾಂಪಿಯನ್ನರಾಗಿದ್ದ ಬಿಜಾಪುರ, ಬಳ್ಳಾರಿ, ಬೆಳಗಾವಿಗಳಿಗೆ ಹೊಸ ಟ್ರೋಫಿಯಲ್ಲಿ ತಂಡವೇ ಇಲ್ಲ. ಉತ್ತರ ಕರ್ನಾಟಕದ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ಕಿರೀಟ ಒಂದೇ ತಂಡದಲ್ಲಿ ನಿಲ್ಲದಿರುವುದಕ್ಕೆ ಹರಾಜು ಪದ್ಧತಿಯೇ ಮುಖ್ಯ ಕಾರಣ ಎಂದು ನನ್ನ ಎಣಿಕೆ. 2025ರಲ್ಲಿ ದೇವದತ್ತ ಪಡಿಕ್ಕಲ್ ₹13.20 ಲಕ್ಷಕ್ಕೆ ಹುಬ್ಬಳ್ಳಿಗೂ, ಮನೀಶ್ ಪಾಂಡೆ ₹12.20 ಲಕ್ಷಕ್ಕೆ ಮೈಸೂರಿಗೂ ಹೋದರು. 2022ರಲ್ಲಿ ಇಬ್ಬರೂ ಗುಲ್ಬರ್ಗಕ್ಕೆ ಆಡಿ ಗೆದ್ದವರು. ಊರಿನ ಹೆಸರು ಅಂಗಿಯ ಮೇಲಿರುತ್ತದೆ, ಅಂಗಿ ತೊಟ್ಟವರು ಬದಲಾಗುತ್ತಿರುತ್ತಾರೆ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದ ಮೇಲೆ ಆ ವರ್ಷದ ಟೂರ್ನಿ ಮೈಸೂರಿಗೆ ಸ್ಥಳಾಂತರಗೊಂಡಿತು. ಹಾಲಿ ಚಾಂಪಿಯನ್ ವಾರಿಯರ್ಸ್‌ಗೆ ತವರಿನ ಮೈದಾನ ಸಿಕ್ಕಿತು. ಆದರೂ ಫೈನಲ್ ಆಡಿದ್ದು ಹುಬ್ಬಳ್ಳಿ ಮತ್ತು ಮಂಗಳೂರು ಡ್ರ್ಯಾಗನ್ಸ್. ಮಳೆಯಿಂದ ಮೊಟಕಾದ ಪಂದ್ಯದಲ್ಲಿ ಗುರಿಯನ್ನು ಮರುಲೆಕ್ಕ ಹಾಕುವ ವಿಜೆಡಿ ನಿಯಮದಂತೆ ಮಂಗಳೂರು ಗೆದ್ದಿತು.