ಕೆಡಹುವ ಕೈಯೂ ತಡೆಯುವ ಕೈಯೂ

ತರೀಕೆರೆ ಸೀಮೆಯ ಅಮೃತಾಪುರಕ್ಕೆ ಹೋಗಿ ಬಂದವರು ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ಮಾತ್ರವಲ್ಲದೆ, ಅದರ ಮುಖಮಂಟಪದ ಬಳಿ ನಿಂತಿರುವ ದೊಡ್ಡ ಶಿಲಾಶಾಸನವನ್ನೂ ನೋಡಿರುವರು. ಗುಡಿಯು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನಿಂದ ಕ್ರಿ. ಶ. 1196ರಲ್ಲಿ ಕಟ್ಟಿಸಲ್ಪಟ್ಟಿತು, ಶಾಸನದ ಪದ್ಯಗಳು ಜನ್ನ ಕವಿಯವೆಂದು ಪ್ರಸಿದ್ಧಿ. ಆ ಕಾಲದ ದಾನಶಾಸನಗಳನ್ನು ಓದುವವರಿಗೆ ಎರಡು ಸಂಗತಿಗಳು ಪದೇ ಪದೇ ಎದುರಾಗುವುವು. ಮೊದಲನೆಯದು, 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು, ಎಂದರೆ ಒಡೆದದ್ದನ್ನು ಬಿರಿದದ್ದನ್ನು ಸರಿಪಡಿಸುವುದಕ್ಕೆಂದು, ಭೂಮಿಯನ್ನು ಬಿಟ್ಟುಕೊಟ್ಟಿರುವುದು. ಎರಡನೆಯದು, ಧರ್ಮವನ್ನು ಅಳಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪ. ಹಿರಿಯರಿಗೆ ಕಟ್ಟುವುದಷ್ಟೇ ತಿಳಿದಿತ್ತು, ಕಾಪಾಡುವುದು ತಿಳಿದಿರಲಿಲ್ಲವೆಂಬ ಮಾತಿಗೆ ಈ ಎರಡು ಸಾಲುಗಳೇ ಸಾಕಷ್ಟು ಉತ್ತರವಾಗಿವೆ. ರಿಪೇರಿಯ ಖರ್ಚನ್ನು ಕಟ್ಟಿದ ದಿನವೇ ಗೊತ್ತುಮಾಡುವ ದೂರದೃಷ್ಟಿ ಇಂದಿನ ಎಷ್ಟು ಕಟ್ಟಡಗಳ ಪಾಲಿಗಿದೆ?

ಶಾಪದ ಸ್ಥಾನವನ್ನು ತರುವಾಯ ಕಾನೂನು ವಹಿಸಿಕೊಂಡಿತು. 1904ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಪ್ರಾಚೀನ ಸ್ಮಾರಕ ರಕ್ಷಣೆಯ ಶಾಸನವು ಬಂತು. 1885ರಲ್ಲಿಯೇ ಆರಂಭವಾಗಿದ್ದ ಮೈಸೂರು ಪುರಾತತ್ತ್ವ ಇಲಾಖೆಯಲ್ಲಿ ಬಿ. ಎಲ್. ರೈಸ್, ಆರ್. ನರಸಿಂಹಾಚಾರ್, ಎಂ. ಎಚ್. ಕೃಷ್ಣ ಮೊದಲಾದವರು ಊರೂರು ತಿರುಗಿ ಶಾಸನಗಳನ್ನು ಓದಿಸಿ ಗುಡಿಗಳ ಲೆಕ್ಕವನ್ನು ಬರೆದಿಟ್ಟರು. ಸ್ವಾತಂತ್ರ್ಯಾನಂತರದ 1958ರ ಕೇಂದ್ರ ಶಾಸನದಂತೆ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಟ್ಟಡವನ್ನು ಸರ್ಕಾರದವರು ಎರಡು ತಿಂಗಳ ತಿಳಿವಳಿಕೆ ಕೊಟ್ಟು ರಕ್ಷಿತವೆಂದು ಘೋಷಿಸಬಹುದು. ಅಮೃತಾಪುರಕ್ಕೆ ಈ ಕೇಂದ್ರ ರಕ್ಷಣೆಯುಂಟು. ಆದರೆ ದೇವರಿಲ್ಲದ ಕಟ್ಟಡಗಳಿಗೆ, ಎಂದರೆ ಕಚೇರಿ, ಪೇಟೆ, ಛತ್ರ, ಬಂಗಲೆಗಳಿಗೆ, ಶಾಪವೂ ಇರಲಿಲ್ಲ. ಕಾನೂನಿನ ದೃಷ್ಟಿಯೂ ಅವುಗಳ ಮೇಲೆ ಬೇಗನೆ ಬೀಳಲಿಲ್ಲ. ಅವುಗಳ ಪರವಾಗಿ ನಿಲ್ಲಬೇಕಾದವರು ಊರಿನ ಜನರೇ ಆದರು.

ಹೀಗೆ ಜನರು ನಿಂತದ್ದಕ್ಕೆ ಮೊದಲು ಹೇಳಬೇಕಾದ ನಿದರ್ಶನವೆಂದರೆ ಬೆಂಗಳೂರಿನ ಅಠಾರ ಕಚೇರಿಯದು. 1831ರಿಂದ ಮೈಸೂರು ಸೀಮೆಯ ಆಡಳಿತವು ಕಮಿಷನರುಗಳ ಕೈಯಲ್ಲಿದ್ದಾಗ ಸರ್ಕಾರದ ಕಚೇರಿಗಳು ಬೆಂಗಳೂರು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿ ನಡೆಯುತ್ತಿದ್ದುವು. ಆ ಮರದ ಅರಮನೆಯು ಶಿಥಿಲವಾಗುತ್ತ ಬರಲು, ಬೌರಿಂಗ್ ಸಾಹೇಬರ ಕಾಲದಲ್ಲಿ ಹೊಸ ಕಟ್ಟಡದ ಕೆಲಸವು 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿಯಿತು. ನಕ್ಷೆ ಸ್ಯಾಂಕಿಯವರದು, ಗುತ್ತಿಗೆ ರಾವ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರದು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿಗೆ ಬಂದುದರಿಂದ ಹಿಂದೂಸ್ತಾನಿಯ 'ಅಠಾರ' ಎಂಬ ಎಣಿಕೆಯ ಮಾತೇ ಅದಕ್ಕೆ ಹೆಸರಾಗಿ ನಿಂತಿತು. 1947ರ ವರೆಗೆ ಕಡೂರು ಜಿಲ್ಲೆಯೆನಿಸಿದ್ದ ಈಗಿನ ಚಿಕ್ಕಮಗಳೂರು ಜಿಲ್ಲೆಯ ಕಂದಾಯ, ಕೆರೆ, ಕಾಡು, ಕಾಫಿ ತೋಟಗಳ ಕಾಗದಪತ್ರಗಳು ಅಂತಿಮವಾಗಿ ಹೋಗಿ ಸೇರುತ್ತಿದ್ದುದು ಆ ಕೆಂಪು ಕಟ್ಟಡಕ್ಕೇ. ಚೌಳಹಿರಿಯೂರಿನ ಶ್ಯಾನುಭೋಗನು ಅದನ್ನು ಎಂದೂ ಕಂಡಿರದಿದ್ದರೂ ಅವನ ಲೆಕ್ಕದ ಸಾರವು ಅಲ್ಲಿಯ ಬೀರುಗಳಲ್ಲಿತ್ತು.

1956ರಲ್ಲಿ ಎದುರಿಗೆ ವಿಧಾನಸೌಧವು ಎದ್ದು ಸಚಿವಾಲಯವು ಅಲ್ಲಿಗೆ ನಡೆಯಿತು. ಹಳೆಯ ಕಟ್ಟಡವು ಉಚ್ಚ ನ್ಯಾಯಾಲಯದ ಪಾಲಾಯಿತು. ರಾಜ್ಯವು ಹಿಗ್ಗಿದಂತೆ ವ್ಯಾಜ್ಯಗಳೂ ಹಿಗ್ಗಿದುವು. ಸ್ಥಳ ಸಾಲದೆಂಬ ದೂರು ಸುಳ್ಳಲ್ಲ. 1982ರಲ್ಲಿ ಅದನ್ನು ಕೆಡಹಿ ಆ ನಿವೇಶನದಲ್ಲಿಯೇ ಹೊಸ ಕಟ್ಟಡವನ್ನು ಎಬ್ಬಿಸುವ ಸಲಹೆಯು ಹೊರಟಿತು. ಆಗ ಅದಕ್ಕೆ ನೂರಹದಿನಾಲ್ಕು ವರ್ಷ. ಗೋಡೆಗಳು ಭದ್ರವಾಗಿದ್ದುವು; ಕೊರತೆಯಾಗಿದ್ದುದು ಕೊಠಡಿಗಳ ಸಂಖ್ಯೆಗೆ ಮಾತ್ರ.

ನಗರದ ವಾಸ್ತುಶಿಲ್ಪಿಗಳು, ವಕೀಲರು, ಪತ್ರಿಕೆಗಳಿಗೆ ಬರೆಯುವ ನಾಗರಿಕರು ಇದಕ್ಕೆ ಇದಿರಾಗಿ ಮಾತೆತ್ತಿದರು. 1976ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರು ನಗರ ಕಲಾ ಆಯೋಗವೂ ಉಳಿಸುವ ಪಕ್ಷದಲ್ಲಿತ್ತು. ವಿಷಯವು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ರೂಪದಲ್ಲಿ ನ್ಯಾಯಾಲಯಕ್ಕೆ ಹೋಯಿತು. ಇಲ್ಲಿಯೇ ಈ ಕಥೆಯ ಸ್ವಾರಸ್ಯ: ಯಾವ ಕಟ್ಟಡವು ಇರಬೇಕೋ ಬೇಡವೋ ಎಂಬುದು ವಾದದ ವಿಷಯವಾಗಿತ್ತೋ, ಅದೇ ಕಟ್ಟಡದೊಳಗೆ ಕುಳಿತು ನ್ಯಾಯಾಧೀಶರು ಆ ವಾದವನ್ನು ಕೇಳಬೇಕಾಯಿತು. ಕೊನೆಗೆ ಕೆಡಹುವ ಯೋಚನೆಯು ಹಿಂದೆ ಸರಿಯಿತು. ಬೇಕಾಗಿದ್ದ ಸ್ಥಳವನ್ನು ಹಿಂಬದಿಯಲ್ಲಿ, ಹಳೆಯ ಮಾದರಿಯನ್ನೇ ಅನುಸರಿಸಿ, 1990ರ ದಶಕದಲ್ಲಿ ಕಟ್ಟಿಕೊಳ್ಳಲಾಯಿತು. ಸ್ಥಳದ ಪ್ರಶ್ನೆಗೆ ಕೆಡಹುವುದೊಂದೇ ಉತ್ತರವಾಗಿರಲಿಲ್ಲವೆಂಬುದು ಹೀಗೆ ಕಲ್ಲುಗಾರೆಯಲ್ಲಿಯೇ ಸಿದ್ಧವಾಯಿತು. ಮುಂದೆ ನಿಂತಿದ್ದ ಕಬ್ಬನ್ ಸಾಹೇಬರ ಅಶ್ವಾರೂಢ ಪ್ರತಿಮೆಯು ಮಾತ್ರ 2020ರಲ್ಲಿ ಕಬ್ಬನ್ ಉದ್ಯಾನಕ್ಕೆ ಹೋಯಿತು. ಅದರ ವಿಚಾರ ಬೇರೆ.

ಬೆಂಗಳೂರಿನ ಬಾಲಬ್ರೂಯಿ ಅತಿಥಿಗೃಹವೂ 2014ರಲ್ಲಿ ಇಂತಹುದೇ ಗಂಡಾಂತರವನ್ನು ಕಂಡು ಜನರ ವಿರೋಧದಿಂದ ಉಳಿಯಿತು. ಶಾಸಕರ ಕ್ಲಬ್ಬಿಗಾಗಿ ಅದನ್ನು ಬಲಿಗೊಡುವುದು ಯಾರಿಗೂ ರುಚಿಸಲಿಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನಾದರೋ ಒಡೆಯದೆ, ತಳಪಾಯಸಮೇತ ಎತ್ತಿ ಸುಮಾರು 130 ಮೀಟರು ದೂರಕ್ಕೆ 2017ರಲ್ಲಿ ಜರುಗಿಸಿಟ್ಟರು. ಮನಸ್ಸಿದ್ದಲ್ಲಿ ಎಂಜಿನಿಯರುಗಳ ವಿದ್ಯೆಯು ಕೆಡಹುವುದಕ್ಕೆ ಮಾತ್ರ ಸೀಮಿತವಲ್ಲ.

ಮೈಸೂರಿನ ದೇವರಾಜ ಮಾರುಕಟ್ಟೆಯ ಪ್ರಕರಣವು ಇಷ್ಟು ಸುಲಭವಾದುದಲ್ಲ. ದೊಡ್ಡ ದೇವರಾಜ ಒಡೆಯರ ಹೆಸರನ್ನು ಹೊತ್ತ ಈ ಪೇಟೆಗೆ ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 1886ರ ಸುಮಾರಿಗೆ, ಕಟ್ಟಡದ ರೂಪವು ಬಂತು. ಒಂದು ತುದಿಯಲ್ಲಿ ಚಿಕ್ಕ ಗಡಿಯಾರ, ಇನ್ನೊಂದು ತುದಿಯಲ್ಲಿ ಧನ್ವಂತರಿ ರಸ್ತೆ, ಪಕ್ಕದಲ್ಲಿ ದಸರೆಯ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆ. ಒಳಗೆ ಮಲ್ಲಿಗೆಯ ಮೊಳ, ಚಿಗುರೆಲೆಯ ಕವಳೆ, ನಂಜನಗೂಡಿನ ರಸಬಾಳೆ, ಗೋಪುರದಂತೆ ರಾಶಿಮಾಡಿದ ಕುಂಕುಮ. ಕಟ್ಟಡವೆಂದರೆ ಗೋಡೆಗಳ ಸಮುದಾಯವೆಂದು ತಿಳಿಯುವವರು ಇಲ್ಲೊಮ್ಮೆ ಬೆಳಗಿನ ಹೊತ್ತು ನಡೆದು ನೋಡಬೇಕು. ತಂದೆಯಿಂದ ಮಗನಿಗೆ ಬಂದ ಮಳಿಗೆಗಳು ಎಷ್ಟೋ ಇವೆ.

ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡವು 1892ರಲ್ಲಿ ವೈಸರಾಯರ ಭೇಟಿಯ ನೆನಪಿಗೆ ಎದ್ದುದು. 2012ರ ಆಗಸ್ಟಿನಲ್ಲಿ ಅದರ ಒಂದು ಭಾಗವು ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ತರುವಾಯ, 2016ರ ಆಗಸ್ಟಿನಲ್ಲಿಯೇ, ದೇವರಾಜ ಮಾರುಕಟ್ಟೆಯ ಉತ್ತರಭಾಗವೂ ಜೀರ್ಣೋದ್ಧಾರದ ಕೆಲಸವು ನಡೆಯುತ್ತಿರುವಾಗಲೇ ಕುಸಿದುಬಿತ್ತು. ನಗರಪಾಲಿಕೆಯವರ ಪಕ್ಷಕ್ಕೆ ಇದರಿಂದ ಬಲ ಬಂತು: ಕಟ್ಟಡವು ಉಳಿಯಲಾರದು, ಕೆಡಹಿ ಅದೇ ಆಕಾರದಲ್ಲಿ ಹೊಸದನ್ನು ಕಟ್ಟೋಣ. ಪರಂಪರೆಯ ತಜ್ಞರ ಪಕ್ಷವು ಬೇರೆ: ಬಿದ್ದುದು ಒಂದು ಭಾಗ, ಉಳಿದುದನ್ನು ಸರಿಪಡಿಸಬಹುದು, ಅದೇ ಆಕಾರದ ಹೊಸ ಕಟ್ಟಡವು ಹಳೆಯ ಕಟ್ಟಡವಾಗಲಾರದು. ಇತಿಹಾಸದ ಪ್ರಾಧ್ಯಾಪಕರಾದ ಎನ್. ಎಸ್. ರಂಗರಾಜು ಮುಂತಾದವರು ವರ್ಷಗಟ್ಟಲೆ ಈ ಮಾತನ್ನು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹೇಳುತ್ತ ಬಂದರು. ವ್ಯಾಪಾರಿಗಳ ಭಯವು ಇನ್ನೂ ಸಮೀಪದ್ದು. ಒಮ್ಮೆ ಮಳಿಗೆಯನ್ನು ಬಿಟ್ಟು ಹೊರಟರೆ ಮರಳಿ ಯಾವಾಗ ಬರುವುದು, ಬಂದಾಗ ಬಾಡಿಗೆ ಎಷ್ಟಾಗಿರುವುದು? ಇದನ್ನು ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯ ಕಟ್ಟಡವನ್ನು ದಿನಾಲೂ ಬಳಸುವವರ ಹಿತವು ಅದರ ಉಳಿವಿಗೆ ಎಷ್ಟೋ ಸಲ ವಿದ್ವಾಂಸರ ವಾದಕ್ಕಿಂತ ಹೆಚ್ಚಿನ ಆಸರೆಯಾಗುವುದು.

ತಜ್ಞರೊಳಗೆ ಭಿನ್ನಾಭಿಪ್ರಾಯವೇಕೆಂಬುದನ್ನು ಸ್ವಲ್ಪ ನೋಡಬೇಕು. ಆ ಕಾಲದ ಇಂತಹ ಕಟ್ಟಡಗಳಲ್ಲಿ ಗೋಡೆಯು ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಮೇಲೆ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ಜೋಡಿಸಿದ ಮದರಾಸು ತಾರಸಿ. ತಾರಸಿಯಲ್ಲಿ ನೀರು ಇಳಿಯಿತೆಂದರೆ ಮೊದಲು ಕೊಳೆಯುವುದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ. ಅದು ಹೊರಗಿನ ಕಣ್ಣಿಗೆ ಬೀಳದು. ಬಿರುಕಿನಲ್ಲಿ ಅರಳಿಯ ಸಸಿ ಬೇರುಬಿಡುವುದು. ಸುಣ್ಣದ ಗೋಡೆಗೆ ಸಿಮೆಂಟನ್ನು ಬಳಿದರೆ ಒಳಗಿನ ತೇವವು ಹೊರಬರಲು ದಾರಿಯಿಲ್ಲದೆ ಗಾರೆಯು ಪುಡಿಯಾಗುವುದು. ಹೀಗೆ ಹತ್ತಾರು ವರ್ಷಗಳ ಅಲಕ್ಷ್ಯದಿಂದಾದ ಕೇಡನ್ನು ಒಬ್ಬರು ಮುಪ್ಪೆನ್ನುವರು, ಇನ್ನೊಬ್ಬರು ರೋಗವೆನ್ನುವರು. ಮುಪ್ಪಿಗೆ ಮದ್ದಿಲ್ಲ, ರೋಗಕ್ಕುಂಟು. ಸಮಿತಿಗಳ ವರದಿಗಳು ಒಂದಕ್ಕೊಂದು ಹೊಂದದೆಹೋದುದರ ಮೂಲವು ಇಲ್ಲಿದೆ. ನಾಲ್ಕು ಜೀವಗಳು ಹೋದ ಊರಿನಲ್ಲಿ ಪುನಃ ಅಪಾಯಕ್ಕೆ ಒಡ್ಡಿಕೊಳ್ಳಲು ಅಧಿಕಾರಿಗಳು ಹಿಂಜರಿದುದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ತಾರಸಿಯು ಸೋರಲಾರಂಭಿಸಿದಾಗ ಅದೇ ಹಿಂಜರಿಕೆಯು ಯಾರನ್ನೂ ಏಣಿ ಹತ್ತಿಸಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಮೊಕದ್ದಮೆಯು ಉಚ್ಚ ನ್ಯಾಯಾಲಯದಲ್ಲಿ ಹಲವು ವರ್ಷ ನಡೆಯಿತು. 2023ರಲ್ಲಿ ತೀರ್ಪು ಬಂದಾಗ ಅದು ಕೆಡಹುವ ಪಕ್ಷಕ್ಕೆ ಅನುಕೂಲವಾಯಿತು. ಆ ತೀರ್ಪು ಹೊರಟ ನ್ಯಾಯಾಲಯದ ಪ್ರಧಾನ ಪೀಠವು ಕುಳಿತುಕೊಳ್ಳುವುದು ಅಠಾರ ಕಚೇರಿಯಲ್ಲಿ. ತೀರ್ಪಿನಿಂದ ಮೈಸೂರಿನ ವಾದವು ಮುಗಿಯಲಿಲ್ಲ. ರಾಜವಂಶದ ಪ್ರಮೋದಾದೇವಿ ಒಡೆಯರ್ ಅವರೂ ಮಾರುಕಟ್ಟೆಯನ್ನು ಕೆಡಹಬಾರದೆಂದು ಬಹಿರಂಗವಾಗಿ ಹೇಳಿದರು.

ಕಡೂರು, ತರೀಕೆರೆ, ಅಜ್ಜಂಪುರದ ಕಡೆಗಳಲ್ಲಿ ಇಷ್ಟು ದೊಡ್ಡ ಕಟ್ಟಡಗಳಿಲ್ಲದಿರಬಹುದು. ಕಂಬದ ತೊಟ್ಟಿಯ ಮನೆ, ಮೆಟ್ಟಿಲಬಾವಿ, ಮಣ್ಣಿನ ಹುಡೇವು, ಊರಮುಂದಿನ ಮಂಟಪ ಇವು ಯಾವ ಪಟ್ಟಿಗೂ ಸೇರದೆ ನಿಲ್ಲುವುವು. ರಸ್ತೆಯನ್ನು ಅಗಲಮಾಡುವ ಒಂದು ಮಧ್ಯಾಹ್ನ ಸಾಕು, ಇಲ್ಲವಾಗುವುವು. ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ವಾದಿಸುವುದಕ್ಕೆ ನಕ್ಷೆಗಳಿದ್ದುವು, ಹಳೆಯ ಚಿತ್ರಗಳಿದ್ದುವು, ಕಟ್ಟಿದ ವರ್ಷವನ್ನು ಹೇಳುವ ಕಾಗದಗಳಿದ್ದುವು. ಹಳ್ಳಿಯ ಮಂಟಪಕ್ಕೆ ಅಳತೆಯ ಹಾಳೆಯೊಂದಾದರೂ ಇಲ್ಲ. ಅದನ್ನು ಬರೆದಿಡುವುದಕ್ಕೆ ಒಂದು ಅಳತೆಯ ಟೇಪು, ಒಂದು ಕ್ಯಾಮೆರಾ, ಶಾಲೆಯ ನಾಲ್ಕು ಹುಡುಗರು ಮತ್ತು ಊರಿನ ಹಳೆಯ ಸಂಗತಿಗಳನ್ನು ಬಲ್ಲ ಒಬ್ಬ ಮುದುಕರು ಬೇಕಾಗುವರು.