ಡಾಕ್ಟರ್ಸ್ ಕಾಮನ್ಸ್: ಉಯಿಲು ವಕೀಲಿಕೆಯ ಏಕಸ್ವಾಮ್ಯ

ಉಯಿಲಿನ ವ್ಯವಹಾರವನ್ನೇ ನೆಚ್ಚಿದ ವಕೀಲರ ಗಳಿಕೆಯು ಅವರ ಜಾಣ್ಮೆಗಿಂತ ಹೆಚ್ಚಾಗಿ ಕಾನೂನು ಕೊಟ್ಟ ಏಕಸ್ವಾಮ್ಯವನ್ನು ಅವಲಂಬಿಸಿತ್ತು ಎಂಬುದಕ್ಕೆ, ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ಲಿನ ದಕ್ಷಿಣಕ್ಕಿದ್ದ, ಚರ್ಚಿನ ನ್ಯಾಯಾಲಯಗಳೂ ಅವುಗಳ ವಕೀಲರೂ ನೆಲೆಸಿದ್ದ ಡಾಕ್ಟರ್ಸ್ ಕಾಮನ್ಸ್ ಸ್ಪಷ್ಟ ನಿದರ್ಶನ. ಪ್ರೊಬೇಟ್, ಅಂದರೆ ಉಯಿಲು ಸಾಚಾ ಎಂದು ಒಪ್ಪಿ ಅದನ್ನು ಜಾರಿಗೊಳಿಸಲು ನ್ಯಾಯಾಲಯ ಕೊಡುವ ಅಧಿಕಾರಪತ್ರ, ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಬಹುಮಟ್ಟಿಗೆ ಚರ್ಚಿನ ನ್ಯಾಯಾಲಯಗಳ ಕೈಯಲ್ಲಿತ್ತು. ಅವುಗಳಲ್ಲಿ ಮಿಗಿಲಾದದ್ದು ಇಲ್ಲಿ ಸೇರುತ್ತಿದ್ದ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ನ್ಯಾಯಾಲಯ. ಅಲ್ಲಿ ಕಾಗದಪತ್ರ ನಡೆಸುವ ಹಕ್ಕು ಪ್ರಾಕ್ಟರ್ ಎಂಬ ವಕೀಲವರ್ಗಕ್ಕೆ ಮೀಸಲಾಗಿದ್ದರಿಂದ, ಊರಿನ ಸಾಲಿಸಿಟರನು, ಅಂದರೆ ಸಾಮಾನ್ಯ ವ್ಯವಹಾರಗಳ ವಕೀಲನು, ತನ್ನ ಕಕ್ಷಿದಾರನ ಉಯಿಲನ್ನೂ ಪ್ರಾಕ್ಟರನಿಗೇ ಒಪ್ಪಿಸಬೇಕಿತ್ತು.

ಯೌವನದಲ್ಲಿ ಇಲ್ಲಿ ಶೀಘ್ರಲಿಪಿಕಾರನಾಗಿ ದುಡಿದಿದ್ದ ಚಾರ್ಲ್ಸ್ ಡಿಕನ್ಸ್ ಈ ಲೋಕವನ್ನು ಹತ್ತಿರದಿಂದ ಬಲ್ಲವನು. ಅವನ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಪ್ರಾಕ್ಟರನ ಬಳಿ ಕೆಲಸ ಕಲಿಯಲು ತರುಣನ ಪರವಾಗಿ 1000 ಪೌಂಡ್ ತೆರಬೇಕಾಗುತ್ತದೆ. ಅಷ್ಟು ದೊಡ್ಡ ಮೊತ್ತ ತೆತ್ತು ಸೇರುವವರಿದ್ದರೆಂದರೆ, ಮುಂದಿನ ಸಂಪಾದನೆಯ ಭರವಸೆ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಊಹಿಸಬಹುದು.

1857ರ ಪ್ರೊಬೇಟ್ ನ್ಯಾಯಾಲಯ ಕಾಯ್ದೆಯು ಪ್ರೊಬೇಟ್ ಕೊಡುವ ಅಧಿಕಾರವನ್ನು ಚರ್ಚಿನಿಂದ ಕಿತ್ತು ಹೊಸ ನಾಗರಿಕ ನ್ಯಾಯಾಲಯಕ್ಕೆ ವಹಿಸಿ, 1858ರ ಜನವರಿಯಿಂದ ಸಾಲಿಸಿಟರುಗಳಿಗೂ ಬಾಗಿಲು ತೆರೆಯಿತು. ಆದಾಯ ಕಳೆದುಕೊಂಡ ಪ್ರಾಕ್ಟರುಗಳಿಗೆ ಅದೇ ಕಾಯ್ದೆ ವಾರ್ಷಿಕ ಪರಿಹಾರವನ್ನು ಕಟ್ಟಿಕೊಟ್ಟಿತು. ತಲೆಮಾರುಗಳಿಂದ ಶುಲ್ಕ ತೆತ್ತ ವಾರಸುದಾರರಿಗೆ ಅಂಥ ಪರಿಹಾರವೇನೂ ದೊರೆಯದೆ ಹೋದದ್ದು ನ್ಯಾಯವೆನಿಸದು.