ರೆವೀರ್ ಕಾಣದ ರೆವೀರ್ ಮನೆ

ಇವತ್ತು ಅಮೆರಿಕದ ಬಾಸ್ಟನ್‌ಗೆ ಹೋಗೋಣ. ಅಲ್ಲಿ ನಾರ್ತ್ ಎಂಡ್‌ನಲ್ಲಿ 1680ರ ಸುಮಾರಿಗೆ ಕಟ್ಟಿದ ಒಂದು ಮರದ ಮನೆ ಇದೆ. ಇಡೀ ಮನೆಯ ಭಾರ ಹೊರೋದು ದಪ್ಪ ಕಂಬ, ತೊಲೆಗಳ ಚೌಕಟ್ಟು. ಗೋಡೆ ಬರೀ ಹೊದಿಕೆ. ಹಾಗಾಗಿ ಚೌಕಟ್ಟು ಗಟ್ಟಿ ಇರೋ ತನಕ ಮಿಕ್ಕಿದ್ದನ್ನ ಹೇಗೆ ಬೇಕೋ ಹಾಗೆ ಬದಲಾಯಿಸಬಹುದು.

ಬದಲಾಯಿಸಿದ್ರು ಕೂಡ. 18ನೇ ಶತಮಾನದಲ್ಲಿ ಬೀದಿ ಕಡೆಯ ಮಾಡನ್ನು ಎತ್ತರಿಸಿ ಮೂರನೇ ಅಂತಸ್ತು ಮಾಡಿದರು. 1770ರಲ್ಲಿ ಬೆಳ್ಳಿ ಕೆಲಸದ ಪಾಲ್ ರೆವೀರ್ ಕೊಂಡಿದ್ದು ಈ ಮೂರಂತಸ್ತಿನ ಮನೆಯನ್ನ. 1775ರ ಏಪ್ರಿಲ್ 18ರ ರಾತ್ರಿ, ಬ್ರಿಟಿಷ್ ಸೈನ್ಯ ಹೊರಟಿದೆ ಅಂತ ಎಚ್ಚರಿಸೋಕೆ ಕುದುರೆ ಏರಿದ್ನಲ್ಲ, ಅದೇ ರೆವೀರ್. 1800ರಲ್ಲಿ ಮಾರಿಬಿಟ್ಟ. ಆಮೇಲೆ ಬಾಡಿಗೆದಾರರು, ಕೆಳಗಡೆ ಮಿಠಾಯಿ ಅಂಗಡಿ, ಸಿಗಾರ್ ಫ್ಯಾಕ್ಟರಿ, ಬ್ಯಾಂಕು, ತರಕಾರಿ ವ್ಯಾಪಾರ.

ಕೆಡವಿಬಿಡ್ತಾರೆ ಅನ್ನೋ ಭಯಕ್ಕೆ 1902ರಲ್ಲಿ ರೆವೀರ್‌ನ ಮರಿಮೊಮ್ಮಗ ಅದನ್ನು ಕೊಂಡುಕೊಂಡ. ಜೀರ್ಣೋದ್ಧಾರಕ್ಕೆ ಬಂದ ವಾಸ್ತುಶಿಲ್ಪಿ ಜೋಸೆಫ್ ಚಾಂಡ್ಲರ್ ಮೂರನೇ ಅಂತಸ್ತನ್ನೇ ತೆಗೆಸಿದ! 1908ರಲ್ಲಿ ಮ್ಯೂಸಿಯಂ ಶುರುವಾಯ್ತು. ಯೋಚಿಸಿ: ರೆವೀರ್ ಹೆಸರಿನ ಟಿಕೆಟ್ ತಗೊಂಡವರಿಗೆ ಹೊರಗಿಂದ ಕಾಣೋದು ರೆವೀರ್ ಹುಟ್ಟೋ ಮುಂಚಿನ ಮನೆ.

ನಾನು ಕಾಮರ್ಸ್ ಓದಿದವನು. ಲೆಕ್ಕದ ಪುಸ್ತಕದ ನಡುವಿನ ಪುಟ ಹರಿದುಹಾಕಿದ್ರೆ ಯಾವ ಆಡಿಟರೂ ಸುಮ್ಮನಿರಲ್ಲ. ಆದರೂ ಚಾಂಡ್ಲರ್‌ನನ್ನ ಪೂರ್ತಿ ಬೈಯೋಕೂ ಆಗಲ್ಲ. ಬಾಸ್ಟನ್‌ನ ನಡುಪೇಟೆಯಲ್ಲಿ ಇದಕ್ಕಿಂತ ಹಳೇ ಕಟ್ಟಡ ಇವತ್ತು ಇಲ್ಲ, ಮನೆಯ ಶೇ. 90ರಷ್ಟು ಭಾಗ ಮೂಲದ್ದೇ ಅಂತಾರೆ ಮ್ಯೂಸಿಯಂನವರು. ರೆವೀರ್ ಸಂಸಾರ ಹತ್ತಿಳಿದ ಆ ಮೇಲಂತಸ್ತು ಮಾತ್ರ ಆ ಲೆಕ್ಕದಲ್ಲಿ ಇಲ್ಲ.